ಕಸ್ಟಡಿ ಆದೇಶ ಇದ್ದೂ ಮಗ ವಾಪಸ್ ಬರದಿದ್ದಾಗ: ಪುಣೆ ಶಿವಾಜಿನಗರದ ಒಂದು ವಕೀಲರ ಆಫೀಸಿನ ರಿವ್ಯೂ

ಡಿವೋರ್ಸ್ ಮುಗಿದಿದೆ, ಮಗುವಿನ ಕಸ್ಟಡಿ ಆದೇಶವೂ ಕೈಯಲ್ಲಿದೆ, ಆದರೆ ಆ ಕಡೆಯವರು ಅದಕ್ಕೆ ಕ್ಯಾರೇ ಅನ್ನುತ್ತಿಲ್ಲ. ಇಂಥ ಪರಿಸ್ಥಿತಿಯಲ್ಲಿ ಪುಣೆಯಲ್ಲಿ ವಕೀಲರನ್ನು ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಕೀಲರ ಹೆಸರು ಹಾಕುವುದಿಲ್ಲ. ವಕೀಲರು ಜಾಹೀರಾತು ಮಾಡಿಕೊಳ್ಳಬಾರದು ಅಂತ ಬಾರ್ ಕೌನ್ಸಿಲ್‌ನ 36ನೇ ನಿಯಮ ಹೇಳುತ್ತದೆ. ನಾನು ರಿವ್ಯೂ ಬರೆದರೆ ಅದು ಜಾಹೀರಾತು ಹೇಗಾಗುತ್ತದೆ ಅಂತ ವಾದ ಮಾಡಿ ನೋಡಿದೆ. ಮ್ಯಾಡಮ್ ಜಗ್ಗಲಿಲ್ಲ. "ಏನು ಬೇಕಾದರೂ ಬರೆಯಿರಿ, ನನ್ನ ಹೆಸರು ಮಾತ್ರ ಬೇಡ" ಅಂದರು. ಇರಲಿ. ಎಂಥವರನ್ನು ಹುಡುಕಬೇಕು ಅನ್ನುವುದು ಗೊತ್ತಾದರೂ ಅರ್ಧ ಕೆಲಸ ಆದಂತೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್.

ನಾನು ಧಾರವಾಡದ ಕಡೆಯವಳು. ಮನೆ ಚಿಂಚವಡದಲ್ಲಿ, ಚಾಕಣದ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಮಗ ಮೂರನೇ ಕ್ಲಾಸು. ಅವನ ಅಪ್ಪ ಹಡಪ್ಸರದಲ್ಲಿದ್ದಾರೆ, ಅಜ್ಜ ಅಜ್ಜಿ ಸೊಲ್ಲಾಪುರದ ಹತ್ತಿರದ ಅಕ್ಕಲಕೋಟೆಯಲ್ಲಿ. ನಮ್ಮದು ಪರಸ್ಪರ ಒಪ್ಪಿಗೆಯ ಡಿವೋರ್ಸ್, ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಆದದ್ದು. ಜಗಳ ಜಾಸ್ತಿ ಆಗಲಿಲ್ಲ. ಮಗ ನನ್ನ ಹತ್ತಿರ ಇರಬೇಕು, ಅಪ್ಪನಿಗೆ ಒಂದು ವಾರ ಬಿಟ್ಟು ಒಂದು ವಾರ ವಾರಾಂತ್ಯ, ಶಾಲೆಯ ರಜೆಯಲ್ಲಿ ಅರ್ಧ, ಉಳಿದದ್ದು ಇಬ್ಬರ ಅನುಕೂಲ ನೋಡಿಕೊಂಡು. ಹಳೆಯ ವಕೀಲರು ಬರೆದುಕೊಟ್ಟ ಒಪ್ಪಂದದಲ್ಲಿ ಮಗನ ವಿಷಯ ಇಷ್ಟೇ. ಚಿನ್ನದ ಪಟ್ಟಿ ಮಾತ್ರ ಒಂದೂವರೆ ಪುಟ ಇತ್ತು!

ಮೊದಮೊದಲು ಭಾನುವಾರ ಸಂಜೆ ಬರಬೇಕಾದವನು ಭಾನುವಾರ ರಾತ್ರಿ ಬರತೊಡಗಿದ. ಆಮೇಲೆ ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ನೇರ ಶಾಲೆಗೆ. ಯೂನಿಫಾರ್ಮ್ ನಮ್ಮ ಮನೆಯಲ್ಲಿ, ಹುಡುಗ ಶಾಲೆಯ ಗೇಟಿನಲ್ಲಿ ಬಣ್ಣದ ಟೀ ಶರ್ಟಿನಲ್ಲಿ. ಫೋನ್ ಮಾಡಿದರೆ "ವಾರಾಂತ್ಯ ಅಂದರೆ ಸೋಮವಾರ ಶಾಲೆ ಶುರುವಾಗುವ ತನಕ" ಅನ್ನುವ ಉತ್ತರ. ದೀಪಾವಳಿ ರಜೆಗೆ ಅಕ್ಕಲಕೋಟೆಗೆ ಕರೆದುಕೊಂಡು ಹೋದವರು ಶಾಲೆ ಶುರುವಾದರೂ ವಾಪಸ್ ಕಳಿಸಲಿಲ್ಲ. ಮೊದಲು ಅಜ್ಜಿಗೆ ಹುಷಾರಿಲ್ಲ ಅಂದರು. ಆಮೇಲೆ, ನನ್ನ ಪಾಲಿನ ಅರ್ಧ ಇನ್ನೂ ಮುಗಿದಿಲ್ಲ ಅಂದರು. ತಾವು ಆಫೀಸ್ ಕೆಲಸದಿಂದ ತಡವಾಗಿ ಬಂದು ಕರೆದುಕೊಂಡು ಹೋದ ದಿನದಿಂದ ಲೆಕ್ಕ ಹಾಕಿದ್ದರು. ನಾನು ಶಾಲೆ ಮುಚ್ಚಿದ ದಿನದಿಂದ ಹಾಕಿದ್ದೆ.

ಠಾಣೆಗೆ ಹೋದೆ. ಅಲ್ಲಿ ಬೈಯಲಿಲ್ಲ, ಕೂರಿಸಿ ಚಹಾ ಕೊಟ್ಟರು. ಆದರೆ "ಮಗು ಅಪ್ಪನ ಹತ್ತಿರ ಇದೆ ತಾನೇ? ಕೋರ್ಟಿಗೆ ಹೋಗಿ" ಅಂದು ಕಳಿಸಿದರು. ಅಪಹರಣ ಅಂತ ಕೇಸು ಹಾಕಿ ಅಂದರೆ ನಕ್ಕರು. ಆವತ್ತು ಆ ನಗುವಿಗೆ ಮೈ ಉರಿದಿತ್ತು. ಅದರ ಹಿಂದಿನ ಕಾನೂನು ಆಮೇಲೆ ತಿಳಿಯಿತು. ಅಪ್ಪನೂ ಸಹಜ ಪಾಲಕನೇ. ಕೋರ್ಟಿನ ಆದೇಶ ಅಡ್ಡ ಇಲ್ಲದಿದ್ದರೆ ಅಪ್ಪ ಮಗುವನ್ನು ಕರೆದುಕೊಂಡು ಹೋಗುವುದು ಅಪಹರಣ ಆಗುವುದಿಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2023ರಲ್ಲಿ ಹೇಳಿದೆ. ನನ್ನ ಹತ್ತಿರ ಆದೇಶ ಇತ್ತು ನಿಜ. ಆದರೆ ಆ ಆದೇಶದಲ್ಲಿ ತಾರೀಖೇ ಇರಲಿಲ್ಲವಲ್ಲ.

ಹಳೆಯ ವಕೀಲರಿಗೆ ಫೋನ್ ಮಾಡಿದರೆ "ಕಂಟೆಂಪ್ಟ್ ಹಾಕಿ ಜೈಲಿಗೇ ಕಳಿಸಿಬಿಡೋಣ" ಅಂದು, ಎಷ್ಟಾಗುತ್ತದೆ ಅಂತ ಒಂದು ಮೊತ್ತ ಹೇಳಿದರು. ಫೋನಿನಲ್ಲೇ ಸಲಹೆ ಕೊಡುವ ಒಂದು ಆ್ಯಪ್‌ನಲ್ಲೂ ದುಡ್ಡು ಕಟ್ಟಿದೆ. ಆ ಕಡೆಯಿಂದ ಮಾತಾಡಿದ ಹುಡುಗ ನನ್ನ ಆದೇಶವನ್ನು ತೆರೆದೂ ನೋಡದೆ ಕಾಯ್ದೆಗಳ ಹೆಸರು ಓದಿ ಹೇಳಿ ಟೈಮ್ ಮುಗಿಸಿದ.

ಆಗ ಸಿಕ್ಕಿದ್ದು ಈ ಆಫೀಸು. ನಮ್ಮ ಸೊಸೈಟಿಯಲ್ಲಿ ಬೆಳಗಾವಿಯ ಒಬ್ಬ ಅಕ್ಕ ಇದ್ದಾರೆ, ಅವರ ತಂಗಿಯ ಕೇಸು ಇದೇ ಮ್ಯಾಡಮ್ ನೋಡಿದ್ದರಂತೆ. ಪಿಸಿಎಂಸಿ ಸ್ಟೇಷನ್‌ನಲ್ಲಿ ಮೆಟ್ರೊ ಹತ್ತಿದರೆ ಬದಲಿಸುವ ಗೋಜಿಲ್ಲ, ಡಿಸ್ಟ್ರಿಕ್ಟ್ ಕೋರ್ಟ್ ಸ್ಟೇಷನ್‌ನಲ್ಲಿ ಇಳಿದು ನಡೆದರಾಯಿತು. ಹಳೆ ಕಟ್ಟಡದ ಎರಡನೇ ಮಹಡಿ. ಎರಡು ಕೋಣೆ, ಒಂದು ಫ್ಯಾನು, ಗೋಡೆ ಪೂರ್ತಿ ಫೈಲು. ಮ್ಯಾಡಮ್ ಮಾತಾಡುವುದು ಮರಾಠಿ. ಕನ್ನಡ ಅರ್ಥವಾಗುತ್ತದೆ, ಸಿಟ್ಟು ಬಂದಾಗ ನಾನು ಕನ್ನಡಕ್ಕೆ ಜಾರಿದರೂ ತಡೆಯುತ್ತಿರಲಿಲ್ಲ.

ನಾನು ಕಥೆ ಶುರು ಮಾಡಿದೆ. ಅವರು ಕೈ ಅಡ್ಡ ಮಾಡಿ ಆದೇಶದ ಕಾಪಿ ಕೇಳಿದರು. ಮೊಬೈಲಿನಲ್ಲಿದ್ದ ಫೋಟೊ ತೋರಿಸಿದರೆ ಬೇಡ ಅಂದರು, ಕೋರ್ಟಿನ ಸೀಲು ಇರುವ ದೃಢೀಕೃತ ಪ್ರತಿಯೇ ಬೇಕು. ಅದರ ಜೆರಾಕ್ಸ್ ತೆಗೆಸಿಕೊಂಡು, ಪೆನ್ಸಿಲ್ ಹಿಡಿದು, ಮಗನಿಗೆ ಸಂಬಂಧಿಸಿದ ಸಾಲುಗಳನ್ನು ಒಂದೊಂದೇ ಪದ ಓದತೊಡಗಿದರು. 'ವಾರಾಂತ್ಯ' ಅನ್ನುವಲ್ಲಿ ಒಂದು ಸುತ್ತು. 'ಅರ್ಧ' ಅನ್ನುವಲ್ಲಿ ಒಂದು. 'ಅನುಕೂಲ ನೋಡಿಕೊಂಡು' ಅನ್ನುವ ಕಡೆ ಎರಡು ಸುತ್ತು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ.

"ವಾರಾಂತ್ಯ ಎಷ್ಟು ಗಂಟೆಗೆ ಮುಗಿಯುತ್ತದೆ?" ಅಂತ ಕೇಳಿದರು.

"ಭಾನುವಾರ ಸಂಜೆ."

"ಎಲ್ಲಿ ಬರೆದಿದೆ, ತೋರಿಸಿ."

ತೋರಿಸಲು ಏನೂ ಇರಲಿಲ್ಲ. "ಯಾರು ಕರೆದುಕೊಂಡು ಹೋಗಬೇಕು, ಯಾರು ತಂದು ಬಿಡಬೇಕು?" ಅದೂ ಇಲ್ಲ. "ರಜೆಯ ಮೊದಲ ಅರ್ಧ ಯಾರಿಗೆ?" ಇಲ್ಲ. ಆ ಹಾಳೆಯಲ್ಲಿ ಪೆನ್ಸಿಲ್ ತಾಗದೆ ಉಳಿದದ್ದು ಮಗನ ಹೆಸರು, ಅವನ ಹುಟ್ಟಿದ ತಾರೀಖು, ಅಷ್ಟೇ.

ನಾನು ಈ ಆಫೀಸಿಗೆ ಕೊಟ್ಟ ದುಡ್ಡಿನಲ್ಲಿ ಮುಕ್ಕಾಲು ಪಾಲು ವಸೂಲಾದದ್ದು ಆ ಪೆನ್ಸಿಲ್ ಕೆಲಸದಿಂದ. ಯಾಕೆ ಅಂತ ಹೇಳುತ್ತೇನೆ. ನ್ಯಾಯಾಂಗ ನಿಂದನೆ, ಅಂದರೆ ಎಲ್ಲರ ಬಾಯಲ್ಲೂ ಬರುವ ಕಂಟೆಂಪ್ಟ್, 1971ರ ಕಾಯ್ದೆ. ಆರು ತಿಂಗಳ ತನಕ ಸಾದಾ ಸಜೆ, 2000 ರೂಪಾಯಿ ತನಕ ದಂಡ ಹಾಕಬಹುದು. ಘಟನೆ ನಡೆದು ಒಂದು ವರ್ಷದೊಳಗೆ ಹೋಗಬೇಕು. ಆದರೆ ಬೇಕಂತಲೇ ಆದೇಶ ಮುರಿದಿದ್ದಾರೆ ಅಂತ ತೋರಿಸಬೇಕು. ಆದೇಶದಲ್ಲಿ ಗಂಟೆಯೇ ಇಲ್ಲದಿದ್ದರೆ, "ನಾನು ಹೀಗೆ ಅರ್ಥ ಮಾಡಿಕೊಂಡೆ ಸ್ವಾಮಿ" ಅಂತ ಆ ಕಡೆಯವರು ಹೇಳಿ ಕೈ ತೊಳೆದುಕೊಳ್ಳಬಹುದು. ಜೈಲಿಗೆ ಕಳಿಸುತ್ತೇನೆ ಅಂದ ಹಳೆಯ ವಕೀಲರು ಇದನ್ನು ಯಾಕೆ ಹೇಳಲಿಲ್ಲ ಅಂತೀರಾ? ಆ ಸಾಲು ಬರೆದವರೇ ಅವರಲ್ವಾ.

ಇನ್ನೊಂದು ತಮಾಷೆ ಕೇಳಿ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ ಇವತ್ತಿಗೂ ಚಾಲ್ತಿಯಲ್ಲಿದೆ. ಅದರ 25ನೇ ಕಲಮಿನಲ್ಲಿ ಮಗುವನ್ನು ಪಾಲಕರ ಹತ್ತಿರ ವಾಪಸ್ ತರಿಸುವ ಅಧಿಕಾರ ಕೋರ್ಟಿಗೆ ಇದೆ. ಅಂಥ ಆದೇಶ ಪಾಲಿಸದವರಿಗೆ 45ನೇ ಕಲಮಿನಲ್ಲಿ ದಂಡ ಎಷ್ಟು ಗೊತ್ತಾ? ನೂರು ರೂಪಾಯಿ ತನಕ. ಹಟ ಹಿಡಿದರೆ ದಿನಕ್ಕೆ ಹತ್ತು ರೂಪಾಯಿಯಂತೆ, ಒಟ್ಟು ಐನೂರು ಮೀರದಂತೆ. ಬ್ರಿಟಿಷರ ಕಾಲದಲ್ಲಿ ಅದು ದೊಡ್ಡ ದುಡ್ಡೇ ಇರಬೇಕು. ಈಗ ಹಡಪ್ಸರದಿಂದ ಚಿಂಚವಡಕ್ಕೆ ಬರುವ ಕ್ಯಾಬಿಗೂ ಸಾಲದು. ಮಗುವನ್ನು ತಂದೊಪ್ಪಿಸುತ್ತೇನೆ ಅಂತ ಒಪ್ಪುವ ತನಕ ಸಿವಿಲ್ ಜೈಲಿನಲ್ಲಿ ಇಡುವ ಅವಕಾಶವೂ ಅದೇ ಕಲಮಿನಲ್ಲಿದೆ, ಹಲ್ಲು ಇರುವುದು ಅಲ್ಲಿ.

ಮ್ಯಾಡಮ್ ಎರಡು ದಾರಿ ಒಟ್ಟಿಗೆ ಹಿಡಿದರು. ಒಂದು, ಇರುವ ಆದೇಶದ ಅಮಲ್ಜಾರಿಗೆ ಅರ್ಜಿ. ಇಲ್ಲಿಯ ಕೋರ್ಟುಗಳಲ್ಲಿ ದರ್ಖಾಸ್ತ್ ಅನ್ನುತ್ತಾರೆ. ಫ್ಯಾಮಿಲಿ ಕೋರ್ಟಿನ ಆದೇಶವನ್ನು ಸಿವಿಲ್ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟಿನ ತೀರ್ಪಿನ ಹಾಗೇ ಜಾರಿ ಮಾಡಿಸಬಹುದು, 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 18ನೇ ಕಲಮು. ಎರಡು, ಆದೇಶವನ್ನೇ ಸರಿಯಾಗಿ ಬರೆಸಲು ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಲ್ಲಿ ಅರ್ಜಿ. ಡಿವೋರ್ಸ್ ಆದಮೇಲೆ ಅದೆಲ್ಲ ಬದಲಾಗುವುದಿಲ್ಲ ಅಂತ ನಾನು ಅಂದುಕೊಂಡಿದ್ದೆ. ಡಿವೋರ್ಸ್ ಬದಲಾಗುವುದಿಲ್ಲ, ಕಸ್ಟಡಿ ಬದಲಾಗುತ್ತದೆ. ಮಗು ಬೆಳೆದಂತೆ ಅದರ ಅಗತ್ಯ ನೋಡಿ ಈ ಆದೇಶಗಳನ್ನು ತಿದ್ದಬಹುದು ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿಯಾಗಿದೆ.

ಅರ್ಜಿ ಟೈಪ್ ಆಗುವ ಮೊದಲೇ ಮಗ ಬಂದುಬಿಟ್ಟ. ಮ್ಯಾಡಮ್ ನನ್ನೆದುರೇ ಆ ಕಡೆಯ ವಕೀಲರಿಗೆ ಫೋನ್ ಮಾಡಿದರು. ಗಲಾಟೆ ಇಲ್ಲ, ಬೆದರಿಕೆ ಇಲ್ಲ. "ಶಾಲೆ ಶುರುವಾಗಿದೆ, ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತಿದೆ, ನಾಳೆ ಜಡ್ಜ್ ಮೊದಲು ಕೇಳುವುದು ಅದನ್ನೇ. ನಿಮ್ಮ ಕಕ್ಷಿದಾರರಿಗೆ ಸ್ವಲ್ಪ ಹೇಳಿ." ಅದೇ ಮಾತನ್ನು ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಹಾಕಿಸಿದರು. ಮಗನ ಅಪ್ಪ ಸೊಲ್ಲಾಪುರದಿಂದ ಹುತಾತ್ಮ ಎಕ್ಸ್‌ಪ್ರೆಸ್ ಹತ್ತಿ ಕರೆದುಕೊಂಡು ಬಂದು ನಮ್ಮ ಗೇಟಿನಲ್ಲಿ ಬಿಟ್ಟು ಹೋದರು. ಮಗನ ಕೈಯಲ್ಲಿ ಅಜ್ಜಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ. ಅಜ್ಜಿಗೆ ಹುಷಾರಿಲ್ಲ ಅನ್ನುವುದು ಎಷ್ಟು ನಿಜವೋ! ಆದರೂ ಹೋಳಿಗೆ ಚೆನ್ನಾಗಿತ್ತು, ಅದನ್ನು ಹೇಳಬೇಕು.

ಮಗ ಬಂದನಲ್ಲ, ಇನ್ನು ಅರ್ಜಿ ಯಾಕೆ ಅಂತ ನಮ್ಮ ಅಣ್ಣ ಕೇಳಿದ. ಮ್ಯಾಡಮ್ ಬಿಡಲಿಲ್ಲ. ಬೇಸಿಗೆ ರಜೆ ಬರುತ್ತದೆ, ಆಗ ಇದೇ ನಾಟಕ ಮತ್ತೆ ಅಂದರು. ನನಗೂ ಅದೇ ಅನ್ನಿಸಿತ್ತು.

ಅವರು ನನಗೆ ಹಚ್ಚಿದ ಕೆಲಸ ಒಂದು ವಹಿ ಬರೆಯುವುದು. ನಾನು ಅಕೌಂಟ್ಸ್‌ನವಳು, ಅದು ಸಲೀಸು. ತಾರೀಖು, ಆದೇಶದ ಪ್ರಕಾರ ಆಗಬೇಕಾದ್ದು, ಆದದ್ದು, ಪುರಾವೆ. ನಾಲ್ಕು ಕಾಲಂ. ಐದನೇ ಕಾಲಂ ಒಂದನ್ನು ನಾನೇ ಸೇರಿಸಿದ್ದೆ, ಶರಾ ಅಂತ. ಅದರಲ್ಲಿ 'ಎಂದಿನಂತೆ ಬೇಜವಾಬ್ದಾರಿ', 'ಸುಳ್ಳು ಕಾರಣ' ಅಂತೆಲ್ಲ ಬರೆದಿದ್ದೆ. ಮ್ಯಾಡಮ್ ಅದರ ಮೇಲೆ ಒಂದು ಉದ್ದ ಗೆರೆ ಎಳೆದರು. "ಜಡ್ಜ್‌ಗೆ 8.50 ಅಂತ ಕಂಡರೆ ಸಾಕು, ಬೇಜವಾಬ್ದಾರಿ ಅಂತ ಅವರೇ ಓದಿಕೊಳ್ಳುತ್ತಾರೆ" ಅಂದರು. ಮೆಸೇಜಿಗೂ ಇದೇ ನಿಯಮ. ನಾನು ಕಳಿಸಬೇಕಂತಿದ್ದದ್ದು ನಾಲ್ಕು ಪ್ಯಾರಾ, ಅವರು ಉಳಿಸಿದ್ದು ಒಂದು ಸಾಲು: 'ಭಾನುವಾರ ಸಂಜೆ 6ಕ್ಕೆ ಮಗ ಬರಬೇಕಿತ್ತು, ಈಗ 7.30, ಎಷ್ಟು ಹೊತ್ತಿಗೆ ಬರುತ್ತಾನೆ ತಿಳಿಸಿ.'

ವಾಟ್ಸಾಪ್ ಚಾಟ್ ಕೋರ್ಟಿನಲ್ಲಿ ನಡೆಯುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ ಬಂದಿದೆ, ಭಾರತೀಯ ಸಾಕ್ಷ್ಯ ಅಧಿನಿಯಮ. ಚಾಟ್ ಯಾವ ಫೋನಿನಿಂದ, ಹೇಗೆ ತೆಗೆದದ್ದು ಅಂತ ಹೇಳುವ, ಅದರ 63ನೇ ಕಲಮಿನ ಸರ್ಟಿಫಿಕೇಟ್ ಜೊತೆಗಿಡಬೇಕು. ಫ್ಯಾಮಿಲಿ ಕೋರ್ಟಿಗೆ ಫ್ಯಾಮಿಲಿ ಕೋರ್ಟ್ ಕಾಯ್ದೆಯ 14ನೇ ಕಲಮಿನಲ್ಲಿ ಒಂದು ಸಡಿಲಿಕೆ ಇದೆ, ವಿವಾದ ಬಗೆಹರಿಸಲು ನೆರವಾಗುವ ದಾಖಲೆಯನ್ನು ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟು ನೋಡದೆಯೂ ತೆಗೆದುಕೊಳ್ಳಬಹುದು. ಆದರೂ ಮ್ಯಾಡಮ್ ಸರ್ಟಿಫಿಕೇಟ್ ಮಾಡಿಸಿಯೇ ಕೊಟ್ಟರು. ಸ್ಕ್ರೀನ್‌ಶಾಟ್ ತುಂಡುಗಳನ್ನು ಮುಟ್ಟಲಿಲ್ಲ, ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಬೇಕು ಅಂದರು. ನಾನು ಬೈದಿರುವುದೂ ಬರುತ್ತಲ್ಲ ಅಂದೆ. ಬರಲಿ ಅಂದರು.

ಮ್ಯಾಡಮ್‌ಗೂ ನನಗೂ ಜಟಾಪಟಿ ಆದದ್ದು ಒಂದೇ ವಿಷಯಕ್ಕೆ. ಮಗನ ಅಪ್ಪ ಆದೇಶ ಮುರಿದಿದ್ದಾರೆ, ಹಾಗಾಗಿ ಕೋರ್ಟು ತೀರ್ಮಾನಿಸುವ ತನಕ ಮಗನನ್ನು ವಾರಾಂತ್ಯಕ್ಕೆ ಕಳಿಸುವುದಿಲ್ಲ ಅಂದೆ. "ಹಾಗಾದರೆ ಬೇರೆ ವಕೀಲರನ್ನು ನೋಡಿಕೊಳ್ಳಿ" ಅಂದರು. ಅವರು ತಪ್ಪಿದರೆಂದು ನಾವು ತಪ್ಪಿದರೆ ಎರಡೂ ಕಡೆ ಉಲ್ಲಂಘನೆ ಆಗುತ್ತದೆ, ಆಮೇಲೆ ವಹಿಯಲ್ಲಿ ನನ್ನ ಹೆಸರೂ ಬರುತ್ತದೆ. ಮಗುವಿನ ಖರ್ಚಿನ ದುಡ್ಡು ಬರದಿದ್ದರೂ ಇದೇ. ಅದಕ್ಕೆ ಬೇರೆ ಅರ್ಜಿ ಹಾಕಬೇಕೇ ಹೊರತು ಮಗುವನ್ನು ತಡೆದು ವಸೂಲು ಮಾಡುವಂತಿಲ್ಲ. ಇವತ್ತಿಗೂ ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ನಿಯಮ ಪಾಲಿಸುವವಳಿಗೇ ಹೊರೆ ಜಾಸ್ತಿ. ಆದರೂ ಕಳಿಸಿದೆ. ಕಣ್ಣು ಗಡಿಯಾರದ ಮೇಲೇ ಇತ್ತು.

ಫ್ಯಾಮಿಲಿ ಕೋರ್ಟಿನಲ್ಲಿ ಕೌನ್ಸೆಲರ್ ಎದುರು ಕೂತಾಗ ಮಗನ ಅಪ್ಪನ ಕಡೆಯ ದೂರು ಮೊದಲ ಸಲ ಸರಿಯಾಗಿ ಕೇಳಿಸಿತು. ಅವರ ಮನೆಯಲ್ಲಿ ಗಣಪತಿ ಕೂರಿಸುತ್ತಾರೆ. ಚೌತಿ ವಾರದ ನಡುವೆ ಬಂದರೆ ಅದು ವಾರಾಂತ್ಯವೂ ಅಲ್ಲ, ಉದ್ದ ರಜೆಯೂ ಅಲ್ಲ. ಹೀಗಾಗಿ ಆದೇಶದ ಪ್ರಕಾರ ಮೊಮ್ಮಗ ಅಜ್ಜನ ಮನೆಯ ಗಣಪತಿಗೆ ಬರುವಂತೆಯೇ ಇಲ್ಲ. ಅದರ ಸಿಟ್ಟನ್ನು ಅವರು ದೀಪಾವಳಿಯಲ್ಲಿ ತೀರಿಸಿಕೊಂಡಿದ್ದರು. ಅವರು ಮಾಡಿದ್ದು ಸರಿ ಅಂತ ನಾನು ಒಪ್ಪುವುದಿಲ್ಲ. ಆದರೆ ಮ್ಯಾಡಮ್ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ ಜಾಗಗಳಲ್ಲಿ ಆ ಕಡೆಯವರೂ ಎಡವಿದ್ದರು ಅನ್ನುವುದು ನಿಜ.

ಕೊನೆಗೆ ಇಬ್ಬರೂ ಸಹಿ ಹಾಕಿ ಕೋರ್ಟು ದಾಖಲು ಮಾಡಿಕೊಂಡ ಹೊಸ ಷರತ್ತುಗಳನ್ನು ಮ್ಯಾಡಮ್ ಹೇಗೆ ಬರೆದರು ನೋಡಿ. ಶುಕ್ರವಾರ ಸಂಜೆ 6.30ಕ್ಕೆ ಅಪ್ಪ ನಮ್ಮ ಸೊಸೈಟಿಯ ಮುಖ್ಯ ಗೇಟಿನಿಂದ ಕರೆದುಕೊಂಡು ಹೋಗಬೇಕು, ಭಾನುವಾರ ಸಂಜೆ 6ಕ್ಕೆ ಅದೇ ಗೇಟಿಗೆ ತಂದು ಬಿಡಬೇಕು. ಟ್ರಾಫಿಕ್‌ಗೆ ಅರ್ಧ ಗಂಟೆ ವಿನಾಯಿತಿ, ಅದೂ ಮೆಸೇಜ್ ಹಾಕಿದರೆ ಮಾತ್ರ. ರಜೆಯ ಲೆಕ್ಕ ಶಾಲೆಯ ಕ್ಯಾಲೆಂಡರಿನ ಪ್ರಕಾರ, ಶಾಲೆ ಮುಚ್ಚಿದ ಮಾರನೇ ದಿನದಿಂದ. ಸಮ ಸಂಖ್ಯೆಯ ವರ್ಷಗಳಲ್ಲಿ ಮೊದಲ ಅರ್ಧ ನನಗೆ, ಬೆಸದಲ್ಲಿ ಅವರಿಗೆ. ತಡವಾಗಿ ಬಂದು ಕರೆದುಕೊಂಡು ಹೋದರೆ ಅದಕ್ಕಾಗಿ ಕೊನೆಯ ದಿನ ಮುಂದೆ ಹೋಗುವುದಿಲ್ಲ. ಶಾಲೆ ಶುರುವಾಗುವ ಹಿಂದಿನ ದಿನ ಮಧ್ಯಾಹ್ನ ಮಗ ನನ್ನ ಮನೆಯಲ್ಲಿರಬೇಕು. ಚೌತಿಯ ಹಿಂದಿನ ಸಂಜೆಯಿಂದ ಮಾರನೇ ಸಂಜೆಯ ತನಕ ಪ್ರತಿ ವರ್ಷ ಅಪ್ಪನಿಗೆ, ಯಾವ ವಾರವೇ ಬರಲಿ. ಜ್ವರ ಬಂದರೆ ಡಾಕ್ಟರ ಚೀಟಿ, ತಪ್ಪಿದ ವಾರಾಂತ್ಯಕ್ಕೆ ಬದಲಾಗಿ ಅದರ ಮುಂದಿನ ವಾರಾಂತ್ಯ. ಪುಣೆ ಜಿಲ್ಲೆ ದಾಟಿದರೆ ಎಲ್ಲಿ, ಯಾವ ಗಾಡಿ ಅಂತ ಮೊದಲೇ ತಿಳಿಸಬೇಕು. ಯಾರ ಹತ್ತಿರ ಇದ್ದರೂ ರಾತ್ರಿ 7.30ರಿಂದ 7.45ರ ತನಕ ಇನ್ನೊಬ್ಬರ ಜೊತೆ ವಿಡಿಯೊ ಕಾಲ್. ಈ ಕಾಲ್ ವಿಷಯ ಸುಮ್ನೆ ಸೇರಿಸಿದ್ದಲ್ಲ. ಮಗು ಜೊತೆಗಿಲ್ಲದ ಅಪ್ಪ ಅಥವಾ ಅಮ್ಮನಿಗೂ ಫೋನು, ವಿಡಿಯೊ ಕಾಲ್‌ನಲ್ಲಿ ಮಾತಾಡಲು ಅವಕಾಶ ಇರಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಯಶಿತಾ ಸಾಹು ಕೇಸಿನಲ್ಲಿ ಹೇಳಿದೆ.

ಈಗ ಹೇಗಿದೆ ಅಂದರೆ, 6 ಗಂಟೆ ಒಮ್ಮೊಮ್ಮೆ 6.40 ಆಗುತ್ತದೆ. ಆದರೆ ಸೋಮವಾರದ ಟೀ ಶರ್ಟ್ ನಿಂತಿದೆ. ಬೇಸಿಗೆ ರಜೆಯಲ್ಲಿ ಅಕ್ಕಲಕೋಟೆಯಿಂದ ಹೇಳಿದ ದಿನವೇ ಬಂದ.

ಇನ್ನು ಒಂದು ಸ್ಟಾರ್ ಕಡಿಮೆ ಯಾಕೆ ಅಂತ. ಮ್ಯಾಡಮ್ ಸಂಜೆ 7ರ ಮೇಲೆ ಫೋನ್ ಎತ್ತುವುದಿಲ್ಲ, ಆದರೆ ಮಗು ಬರದೆ ಎದೆ ಹೊಡೆದುಕೊಳ್ಳುವುದು ಭಾನುವಾರ ರಾತ್ರಿ ತಾನೇ? ಜೂನಿಯರ್ ಹುಡುಗಿ ಒಳ್ಳೆಯವಳು, ಆದರೆ ತಾರೀಖು ಬದಲಾದದ್ದನ್ನು ತಿಳಿಸಲು ಮರೆತು ನನ್ನ ಒಂದು ರಜೆ ಹಾಳು ಮಾಡಿದಳು. ಸಮಯ ಕೊಟ್ಟಿದ್ದರೂ ಹೊರಗೆ ಬೆಂಚಿನ ಮೇಲೆ ಕಾಯುವುದು ತಪ್ಪುವುದಿಲ್ಲ. ಎದುರು ಕೂತು ಅತ್ತರೆ ನೀರಿನ ಬಾಟಲಿ ಮುಂದೆ ತಳ್ಳಿ ಫೈಲು ನೋಡುತ್ತಿರುತ್ತಾರೆ. ಸಮಾಧಾನದ ಮಾತು ಬೇಕಾದವರಿಗೆ ಈ ಆಫೀಸು ಒಗ್ಗುವುದಿಲ್ಲ.

ಫೀಸು ಮೊದಲ ಭೇಟಿಗೆ 1500. ಆಮೇಲೆ ಅರ್ಜಿಗೆ ಇಷ್ಟು, ಹಾಜರಾತಿಗೆ ಇಷ್ಟು ಅಂತ ಮೊದಲೇ ಕಾಗದದಲ್ಲಿ ಬರೆದು ಕೊಟ್ಟರು, ಪ್ರತಿ ಸಲ ರಸೀದಿಯೂ ಸಿಕ್ಕಿತು. ರಸೀದಿ ಕೊಡುವ ವಕೀಲರು ಎಷ್ಟು ಜನ ಇದ್ದಾರೆ ಅಂತ ನಾನು ಬಾಯಿ ಬಿಟ್ಟು ಹೇಳಬೇಕಿಲ್ಲ. ಅಷ್ಟು ದುಡ್ಡಿಲ್ಲ ಅನ್ನುವವರು ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಇದನ್ನು ನನಗೆ ತಿಳಿಸಿದ್ದೂ ಇದೇ ಮ್ಯಾಡಮ್, ಅದೂ ಫೀಸು ತೆಗೆದುಕೊಳ್ಳುವ ಮೊದಲು.

ಮಗುವಿಗೆ ಅಪಾಯ ಇದೆ ಅಥವಾ ವಿದೇಶಕ್ಕೆ ಕರೆದುಕೊಂಡು ಹೋಗುತ್ತಾರೆ ಅನ್ನುವ ಭಯ ಇರುವವರು ನನ್ನ ಹಾಗೆ ವಹಿ ಬರೆಯುತ್ತಾ ಕೂರಬೇಡಿ. ಅದು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ತಂದು ಹಾಜರುಪಡಿಸಿ ಅಂತ ಕೇಳುವ ಅರ್ಜಿಯ ತನಕ ಹೋಗುವ ವಿಷಯ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಗಡಿ ದಾಟಿದರೆ ವಾಪಸ್ ತರುವುದು ಕಷ್ಟ. ಅಂಥ ಕೇಸು ಬಂದರೆ ಈ ಮ್ಯಾಡಮ್ ತಾವೇ ಇಟ್ಟುಕೊಳ್ಳದೆ ಮುಂಬೈಯ ಹೈಕೋರ್ಟ್ ವಕೀಲರ ಹತ್ತಿರ ಕಳಿಸುತ್ತಾರೆ.

ಹೋಗುವವರು ಆದೇಶದ ದೃಢೀಕೃತ ಪ್ರತಿ, ಶಾಲೆಯ ಕ್ಯಾಲೆಂಡರ್, ಹಾಜರಾತಿಯ ದಾಖಲೆ ಜೊತೆಗೆ ಇಟ್ಟುಕೊಳ್ಳಿ. ಜೆರಾಕ್ಸ್ ಅಂಗಡಿ ಕೆಳಗೇ ಇದೆ, ಆದರೆ ಮಧ್ಯಾಹ್ನ ಒಂದರಿಂದ ಮೂರರ ತನಕ ಶಟರ್ ಎಳೆದಿರುತ್ತದೆ. ಪುಣೆ ಅಲ್ವಾ.